ಉಳದ ನೆಲಕ್ಕೆ ಹಣ

ಎಣ್ಣೂರಿನ ಅಳಿವೆಯಲ್ಲಿ ಕಡಲು ಸೇರುವ ಕೊಸಸ್ತಲೆಯಾರು ನದಿಯ ಹೆಸರು ಚೆನ್ನೈ ಕನ್ನಡಿಗರಾದ ನಮ್ಮಲ್ಲಿ ಹಲವರಿಗೆ ಅಷ್ಟು ಪರಿಚಿತವಲ್ಲ. ಆದರೆ ನಮ್ಮ ಮನೆಯ ನಲ್ಲಿಗೂ ಆ ನದಿಗೂ ಹಳೆಯ ನಂಟಿದೆ. 1944ರಲ್ಲಿ ಪೂರ್ಣಗೊಂಡ ಪೂಂಡಿ ಜಲಾಶಯವನ್ನು ಕಟ್ಟಿದ್ದು ಈ ನದಿಗೇ. 1960ರ ದಶಕದಲ್ಲಿ ವಿಶ್ವಸಂಸ್ಥೆಯ ನೆರವಿನಿಂದ ನಡೆದ ಶೋಧನೆಯಲ್ಲಿ ಮಿಂಜೂರು, ಪಂಜೆಟ್ಟಿ, ತಾಮರೈಪಾಕ್ಕಂ ಸುತ್ತಿನ ನೆಲದಡಿ ಒಳ್ಳೆಯ ಅಂತರ್ಜಲವಿರುವುದು ತಿಳಿದುಬಂತು. ನಗರವು ಅಲ್ಲಿ ಕೊಳವೆ ಬಾವಿಗಳನ್ನು ತೋಡಿತು.

ಅದೇ ನೀರನ್ನು ನಂಬಿ ಭತ್ತ ಬೆಳೆಯುವ ರೈತರೂ ಅಲ್ಲಿದ್ದರು. ನಗರ, ಕಾರ್ಖಾನೆ, ಗದ್ದೆ ಮೂರೂ ಎತ್ತತೊಡಗಿದಾಗ ಅಂತರ್ಜಲ ಕುಸಿದು ಉಪ್ಪುನೀರು ಒಳನುಗ್ಗಿತು. 1969ರಲ್ಲಿ ಕರಾವಳಿಯಿಂದ ಸುಮಾರು 3 ಕಿ.ಮೀ. ಒಳಗಿದ್ದ ಉಪ್ಪು 1983ರ ಹೊತ್ತಿಗೆ ಸುಮಾರು 9 ಕಿ.ಮೀ. ಮುಟ್ಟಿತ್ತು. 1987ರಲ್ಲಿ ಅಂತರ್ಜಲ ನಿಯಂತ್ರಣದ ಕಾಯಿದೆಯೂ ಬಂತು.

2003-04ರ ಭೀಕರ ಬರದಲ್ಲಿ ಜಲಮಂಡಳಿಯು ಈ ಪ್ರದೇಶದ ರೈತರಿಂದಲೇ ನೀರು ಕೊಂಡಿತು. 2019ರಲ್ಲಿ ಮತ್ತೆ ಹಾಗೆಯೇ ಮಾಡಿತು. ಬಿತ್ತನೆ, ಗೊಬ್ಬರ, ಕೂಲಿ, ಮಳೆಯ ಚಿಂತೆ ಇವೆಲ್ಲವನ್ನೂ ಕಳೆದರೆ ಭತ್ತದಲ್ಲಿ ಉಳಿಯುವುದೆಷ್ಟು? ಪಂಪು ನಡೆಸಿದರೆ ಸಿಗುವ ಹಣವಾದರೋ ಖಚಿತ. ಕೈ ಕೆಸರಾಗದೆಯೇ ಬಾಯಿಗೆ ಮೊಸರು ಬಂದಂತಾಯಿತು. ಹಲವರು ಗದ್ದೆಯನ್ನು ಬೀಳುಬಿಟ್ಟರು. ಅವರನ್ನು ದೂರುವಂತಿಲ್ಲ, ನಾವೂ ಅದೇ ಲೆಕ್ಕ ಹಾಕುತ್ತಿದ್ದೆವು.

ಬೆಳೆಯದಿರಲು ಹಣ ಕೊಡುವುದು ಜಗತ್ತಿಗೆ ಹೊಸದಲ್ಲ. ಬೆಲೆ ಕುಸಿದಿದ್ದ 1933ರಲ್ಲಿ ಅಮೆರಿಕ ಸರ್ಕಾರವು ಹಣ ತೆತ್ತು ಸುಮಾರು 1 ಕೋಟಿ ಎಕರೆ ಹತ್ತಿಬೆಳೆಯನ್ನು ಉಳಿಸದೆ ಉಳಿಸಿತು. ಹಣವು ಬಹುಮಟ್ಟಿಗೆ ಭೂಮಾಲೀಕರ ಕೈ ಸೇರಿತು; ಪಾಲಿಗೆ ದುಡಿಯುತ್ತಿದ್ದ ಅನೇಕ ಬಡ ಕುಟುಂಬಗಳು ನೆಲೆ ಕಳೆದುಕೊಂಡವು. 1985ರ ಅಲ್ಲಿನ ಕಾನೂನು, ಸವಕಳಿಯಾಗುವ ನೆಲಕ್ಕೆ ಹುಲ್ಲು ಅಥವಾ ಮರದ ಹೊದಿಕೆ ಹಾಕುವ ರೈತನಿಗೆ ವರ್ಷಂಪ್ರತಿ ಬಾಡಿಗೆ ಗೊತ್ತುಮಾಡಿತು. ನಮ್ಮ ಹರಿಯಾಣದಲ್ಲಿ 2020ರಲ್ಲಿ ಭತ್ತ ಬಿಟ್ಟು ಬೇರೆ ಬೆಳೆ ಹಿಡಿದವರಿಗೆ ಎಕರೆಗೆ 7000 ರೂ. ಘೋಷಿಸಲಾಯಿತು.

ಇಲ್ಲೊಂದು ವ್ಯತ್ಯಾಸವನ್ನು ಗಮನಿಸಬೇಕು. ಹರಿಯಾಣ ಹಣ ಕೊಟ್ಟಿದ್ದು ನೀರು ನೆಲದಲ್ಲೇ ಉಳಿಯಲೆಂದು. ಚೆನ್ನೈ ಕೊಟ್ಟಿದ್ದು ಅದನ್ನು ಮೇಲೆತ್ತಲೆಂದು. ಇಲ್ಲಿ ಗದ್ದೆಗೆ ವಿಶ್ರಾಂತಿ ದೊರೆಯಿತು, ಬಾವಿಗೆ ದೊರೆಯಲಿಲ್ಲ. ಹಣ ಪಡೆದವನು ಬಾವಿಯ ಒಡೆಯ. ನಾಟಿ, ಕಳೆ, ಕೊಯ್ಲು ನಂಬಿದ್ದ ಹೆಂಗಸರ ಕೂಲಿಗೂ, ನೀರು ಕೆಳಗಿಳಿದ ಪಕ್ಕದ ಬಾವಿಯವನ ನಷ್ಟಕ್ಕೂ ಆ ಲೆಕ್ಕದಲ್ಲಿ ಸ್ಥಳವಿರಲಿಲ್ಲ.

ಎಣ್ಣೂರಿನ ಉತ್ತರಕ್ಕೆ ಕಾಟ್ಟುಪಳ್ಳಿಯಲ್ಲಿ 2010ರಿಂದ ಕಡಲ ನೀರನ್ನೇ ಸಿಹಿ ಮಾಡುವ ಸ್ಥಾವರವಿದೆ. ಅದರ ಸಾಮರ್ಥ್ಯ ದಿನಕ್ಕೆ 10 ಕೋಟಿ ಲೀಟರ್. ಆದರೂ ಬರ ಮರಳಿ ಬಂದಾಗ ನಗರ ಮತ್ತೆ ಆ ಬಾವಿಗಳತ್ತ ನೋಡದಿರದು. ಆಗ ನೀರಿನ ಬೆಲೆಯೊಡನೆ ಕೂಲಿಯವರ ಪಾಲೂ, ಮಳೆನೀರನ್ನು ಮರಳಿ ಇಂಗಿಸುವ ವೆಚ್ಚವೂ ಸೇರಲೇಬೇಕು. ಊರಿನ ಹೊಲಗದ್ದೆಗಳನ್ನು ಬಿಟ್ಟು ಬಂದ ನಮ್ಮಂಥವರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ.