ಹೊಸೂರಿನ ಆಕಾಶ ಯಾರ ಕೈಯಲ್ಲಿದೆ?

ತಮಿಳುನಾಡಿನ ಗಡಿ ಊರು ಹೊಸೂರಿನಿಂದ ತಳಿ ರಸ್ತೆ ಹಿಡಿದರೆ ಬೆಳಗೊಂಡಪಳ್ಳಿ ಸಿಗುತ್ತದೆ. ಅಲ್ಲಿ ಸುಮಾರು 7,000 ಅಡಿ ಉದ್ದದ ರನ್‌ವೇ ಇದೆ. ತನೇಜಾ ಏರೋಸ್ಪೇಸ್ ಕಂಪನಿ 1994ರಲ್ಲಿ ಇಟಲಿಯ ಪಾರ್ಟೆನಾವಿಯಾ ಸಂಸ್ಥೆಯ ಆರು ಆಸನದ ವಿಮಾನವನ್ನು ತಯಾರಿಸಲು ಹೊರಟಿದ್ದು ಇಲ್ಲೇ. ಭಾರತದಲ್ಲಿ ಖಾಸಗಿಯವರು ವಿಮಾನ ಕಟ್ಟುವುದು ಅಪರೂಪವೇ ಆಗಿತ್ತು. ಆಗ ಕೃಷ್ಣಗಿರಿ ಜಿಲ್ಲೆ ಇನ್ನೂ ಹುಟ್ಟಿರಲಿಲ್ಲ, ಹೊಸೂರು ಧರ್ಮಪುರಿಗೆ ಸೇರಿತ್ತು. ಬೆಂಗಳೂರಿನ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯ (ಎನ್‌ಎಎಲ್) ರೂಪಿಸಿದ ಎರಡು ಆಸನದ ‘ಹಂಸ’ ತರಬೇತಿ ವಿಮಾನಗಳೂ ಇಲ್ಲಿ ತಯಾರಾದವು. ವಿಮಾನ ಕಟ್ಟಿದ ಊರಿನವರಿಗೆ ಮಾತ್ರ ತಮ್ಮೂರಲ್ಲೇ ಟಿಕೆಟ್ ಕೊಂಡು ವಿಮಾನ ಹತ್ತುವ ಯೋಗ ಕೂಡಿಬಂದಿಲ್ಲ.

ಕಾರಣ ತಾಂತ್ರಿಕವಲ್ಲ. ಬೆಂಗಳೂರಿನ ದೇವನಹಳ್ಳಿ ವಿಮಾನ ನಿಲ್ದಾಣಕ್ಕಾಗಿ ಕೇಂದ್ರ ಸರ್ಕಾರ 2004ರಲ್ಲಿ ಮಾಡಿಕೊಂಡ ಒಪ್ಪಂದದಲ್ಲಿ ಒಂದು ಷರತ್ತಿದೆ: ನಿಲ್ದಾಣ ತೆರೆದು 25 ವರ್ಷ ತುಂಬುವವರೆಗೆ 150 ಕಿ.ಮೀ. ವೈಮಾನಿಕ ದೂರದೊಳಗೆ ಇನ್ನೊಂದು ಅಂತರರಾಷ್ಟ್ರೀಯ ನಿಲ್ದಾಣ ಬರಕೂಡದು. ಮೈಸೂರು, ಹಾಸನಕ್ಕೆ ಇದರಿಂದ ವಿನಾಯಿತಿ ಸಿಕ್ಕಿತು, ಹೊಸೂರಿಗೆ ಸಿಗಲಿಲ್ಲ. ದೇವನಹಳ್ಳಿ ನಿಲ್ದಾಣ ತೆರೆದದ್ದು 2008ರ ಮೇ ತಿಂಗಳಲ್ಲಿ, ಹಾಗಾಗಿ ಬೀಗ ಬಿಚ್ಚುವುದು 2033ಕ್ಕೆ. ಹೀಗಿದ್ದೂ 2024ರ ಜೂನ್ 27ರಂದು ಮುಖ್ಯಮಂತ್ರಿ ಎಂ.ಕೆ. ಸ್ಟಾಲಿನ್ ವಿಧಾನಸಭೆಯಲ್ಲಿ ಹೊಸೂರಿಗೆ 2,000 ಎಕರೆಯ, ವರ್ಷಕ್ಕೆ 3 ಕೋಟಿ ಪ್ರಯಾಣಿಕರ ಸಾಮರ್ಥ್ಯದ ನಿಲ್ದಾಣ ಘೋಷಿಸಿದರು. ಜಾಗದ ಹುಡುಕಾಟವೂ ಶುರುವಾಯಿತು.

ದೊಡ್ಡ ವಿಮಾನಕ್ಕೆ ದಾರಿ ಸಿಗದ ಈ ನೆಲದಲ್ಲಿ ಸಣ್ಣ ಡ್ರೋನಿಗೆ ದಾರಿ ಬೇಗ ತೆರೆಯಿತು. ಅದೂ ಸುಲಭವಾಗೇನೂ ಅಲ್ಲ. 2014ರ ಅಕ್ಟೋಬರ್‌ನಲ್ಲಿ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ (ಡಿಜಿಸಿಎ) ಒಂದು ಸಾರ್ವಜನಿಕ ಪ್ರಕಟಣೆ ಹೊರಡಿಸಿ ನಾಗರಿಕರು ಡ್ರೋನ್ ಹಾರಿಸುವುದನ್ನೇ ನಿಷೇಧಿಸಿತು. ಮದುವೆ ಮನೆಗಳಲ್ಲಿ ಕ್ಯಾಮೆರಾ ಡ್ರೋನ್ ಹಾರುವುದೇನೂ ನಿಲ್ಲಲಿಲ್ಲ, ಕಾನೂನು ಕಣ್ಣುಮುಚ್ಚಿ ಕೂತಿತ್ತು ಅಷ್ಟೆ. 2018ರ ಡಿಸೆಂಬರ್‌ನಲ್ಲಿ ಅನುಮತಿಯಿಲ್ಲದೆ ಡ್ರೋನ್ ಮೇಲೇಳಲಾಗದ ಡಿಜಿಟಲ್ ಸ್ಕೈ ವ್ಯವಸ್ಥೆ ಬಂತು. 2021ರ ಮಾರ್ಚ್‌ನ ನಿಯಮಗಳು ಎಷ್ಟು ಜಟಿಲವಾಗಿದ್ದವೆಂದರೆ ಸರ್ಕಾರವೇ ಐದಾರು ತಿಂಗಳಲ್ಲಿ ಅವನ್ನು ಕೈಬಿಟ್ಟು ಆಗಸ್ಟ್ 25ರಂದು ಹೊಸ ಡ್ರೋನ್ ನಿಯಮ ತಂದಿತು. 25 ನಮೂನೆಗಳು 5ಕ್ಕೆ, 72 ಬಗೆಯ ಶುಲ್ಕಗಳು 4ಕ್ಕೆ ಇಳಿದವು. ವಿಮಾನ ನಿಲ್ದಾಣದ ಸುತ್ತಲಿನ, ಹಾರಿಸಲು ಅನುಮತಿ ಬೇಕಾದ ಹಳದಿ ವಲಯ 45 ಕಿ.ಮೀ.ನಿಂದ 12 ಕಿ.ಮೀ.ಗೆ ಕುಗ್ಗಿತು. ಬೆಂಗಳೂರಿನ ಎರಡು ನಿಲ್ದಾಣಗಳ ನೆರಳಿನಲ್ಲಿರುವ ಗಡಿ ತಾಲ್ಲೂಕುಗಳಿಗೆ ಈ ಕೊನೆಯ ಬದಲಾವಣೆಯೇ ದೊಡ್ಡದು. ಹಸಿರು ವಲಯದಲ್ಲಿ 400 ಅಡಿ ಎತ್ತರದವರೆಗೆ ಮುಂಗಡ ಅನುಮತಿಯೇ ಬೇಡ.

ಗುಲಾಬಿ, ಟೊಮೆಟೊ, ಮಾವು ಬೆಳೆಯುವ ಈ ಸೀಮೆಗೆ ಇದರಿಂದ ಏನು ಬಂತು? ಔಷಧಿ ಹೊಡೆಯುವ ಡ್ರೋನನ್ನು ಹತ್ತಿರದಿಂದ ನೋಡಿ. ಹತ್ತು ಲೀಟರ್ ಟ್ಯಾಂಕು, ಕೆಳಗೆ ನಾಲ್ಕಾರು ನಳಿಕೆ, ಎಕರೆಗೆ ಹತ್ತು ನಿಮಿಷವೂ ಹಿಡಿಯದು. ಒಂದೆರಡು ಸುತ್ತಿಗೆ ಬ್ಯಾಟರಿ ಖಾಲಿ, ಬದುವಿನ ಮೇಲೆ ಇನ್ನೊಂದು ಜೊತೆ ಬ್ಯಾಟರಿ ಕಾಯುತ್ತಿರಬೇಕು. ಬೆನ್ನಿಗೆ ಪಂಪು ಕಟ್ಟಿಕೊಂಡು ವಿಷದ ತುಂತುರಿನಲ್ಲೇ ನಡೆಯುತ್ತಿದ್ದವನು ಈಗ ದೂರ ನಿಂತಿರುತ್ತಾನೆ. ನನ್ನ ಮಟ್ಟಿಗೆ ಇಡೀ ಡ್ರೋನ್ ನೀತಿಯ ದೊಡ್ಡ ಲಾಭ ಅದೇ. 2023ರಲ್ಲಿ ಕೇಂದ್ರ ಒಪ್ಪಿದ ನಮೋ ಡ್ರೋನ್ ದೀದಿ ಯೋಜನೆಯ ಗುರಿ 15,000 ಮಹಿಳಾ ಸ್ವಸಹಾಯ ಸಂಘಗಳಿಗೆ ಡ್ರೋನ್ ಕೊಡಿಸುವುದು, ಬೆಲೆಯ ಶೇ. 80ರಷ್ಟು, ಗರಿಷ್ಠ 8 ಲಕ್ಷ ರೂಪಾಯಿ ಸಹಾಯಧನ. ಕೊಡಿಸಿದರೆ ಸಾಲದು, ಬ್ಯಾಟರಿ ಸತ್ತಾಗ, ರೆಕ್ಕೆ ಮುರಿದಾಗ ರಿಪೇರಿ ಊರ ಹತ್ತಿರವೇ ಆಗಬೇಕು.

ತಮಿಳುನಾಡು ತನ್ನ ಪಾಲಿಗೆ ಸುಮ್ಮನೆ ಕೂತಿಲ್ಲ. 2019ರಲ್ಲಿ ಆರಂಭವಾದ ರಕ್ಷಣಾ ಕೈಗಾರಿಕಾ ಕಾರಿಡಾರಿನ ಐದು ಕೇಂದ್ರಗಳಲ್ಲಿ ಹೊಸೂರು ಒಂದು. 2022ರಲ್ಲಿ ಅಣ್ಣಾ ವಿಶ್ವವಿದ್ಯಾಲಯದ ಬೆಂಬಲದೊಂದಿಗೆ ಡ್ರೋನ್‌ಗಳಿಗೆಂದೇ ಸರ್ಕಾರಿ ನಿಗಮ ಬಂತು. ಆದರೆ ಡ್ರೋನ್ ಪರೀಕ್ಷಾ ಕೇಂದ್ರಕ್ಕೆ ಜಾಗ ಗೊತ್ತಾದದ್ದು ಚೆನ್ನೈ ಪಕ್ಕದ ವಲ್ಲಂ ವಡಗಾಲಿನಲ್ಲಿ. ಟಿವಿಎಸ್, ಟೈಟಾನ್ ಬೆಳೆಸಿದ ಕುಶಲ ಕೈಗಳು, ಬ್ಯಾಟರಿ ಸ್ಕೂಟರಿನ ಕಾರ್ಖಾನೆಗಳು, ಜೊತೆಗೆ ಒಂದು ರನ್‌ವೇ, ಎಲ್ಲ ಒಟ್ಟಿಗಿರುವುದು ಹೊಸೂರಿನಲ್ಲಿ!

ಇನ್ನು ಏರ್ ಟ್ಯಾಕ್ಸಿ. 2018ರ ಮಾರ್ಚ್‌ನಲ್ಲಿ ದೇವನಹಳ್ಳಿಯಿಂದ ಎಲೆಕ್ಟ್ರಾನಿಕ್ ಸಿಟಿಗೆ ಹೆಲಿಕಾಪ್ಟರ್ ಟ್ಯಾಕ್ಸಿ ಶುರುವಾಯಿತು. ಕಾಲು ಗಂಟೆಯ ಹಾರಾಟಕ್ಕೆ ಜಿಎಸ್‌ಟಿ ಸೇರಿ 4,000 ರೂಪಾಯಿಗೂ ಹೆಚ್ಚು. ಅದು ಬಹುಕಾಲ ನಿಲ್ಲಲಿಲ್ಲ. ಈಗಿನ ಭರವಸೆ ನೆಟ್ಟಗೆ ಮೇಲೇಳುವ ವಿದ್ಯುತ್ ವಿಮಾನಗಳ ಮೇಲೆ. 2024ರಲ್ಲಿ ಡಿಜಿಸಿಎ ಅವುಗಳ ಪ್ರಮಾಣೀಕರಣಕ್ಕೂ, ಇಳಿದಾಣಗಳಿಗೂ ಮಾರ್ಗಸೂಚಿ ಕೊಟ್ಟಿತು. ಐಐಟಿ ಮದ್ರಾಸಿನಲ್ಲಿ ಹುಟ್ಟಿದ ಇಪ್ಲೇನ್, ಬೆಂಗಳೂರಿನ ಸರ್ಲಾ ಏವಿಯೇಷನ್ ಮುಂದಿನ ಸಾಲಿನಲ್ಲಿವೆ. ಸರ್ಲಾ 2024ರ ಅಕ್ಟೋಬರ್‌ನಲ್ಲಿ ಬೆಂಗಳೂರು ನಿಲ್ದಾಣದ ಜೊತೆ ಒಡಂಬಡಿಕೆ ಮಾಡಿಕೊಂಡಿತು. ಅದೇ ವರ್ಷ ಜರ್ಮನಿಯ ಲಿಲಿಯಂ, ವೊಲೊಕಾಪ್ಟರ್ ಎರಡೂ ದಿವಾಳಿ ಅರ್ಜಿ ಹಾಕಿದವು ಎಂಬುದನ್ನೂ ಮರೆಯಬಾರದು.

ಮಾರ್ಗಸೂಚಿ ಬರೆಯುವ ಕೆಲಸ ಸರ್ಕಾರಗಳು ಮೊದಲಿಗಿಂತ ಚೆನ್ನಾಗಿ ಮಾಡುತ್ತಿವೆ. ಹೊಸೂರಿನ ಗಂಟು ಅಲ್ಲಿಲ್ಲ. ಕೇಂದ್ರ, ಎರಡು ರಾಜ್ಯಗಳು, ರಕ್ಷಣಾ ಇಲಾಖೆ, ದೇವನಹಳ್ಳಿ ನಿಲ್ದಾಣದವರು ಕೂತು ಈ ಗಡಿಯ ಆಕಾಶವನ್ನು ಹಂಚಿಕೊಳ್ಳುವವರೆಗೆ ಇಲ್ಲಿ ಡ್ರೋನ್ ತಯಾರಾದೀತು, ಏರ್ ಟ್ಯಾಕ್ಸಿಯ ಬಿಡಿಭಾಗವೂ ತಯಾರಾದೀತು. ಹತ್ತುವುದಕ್ಕೆ ಮಾತ್ರ ಹೊಸೂರಿನವರು ಅತ್ತಿಬೆಲೆ ದಾಟಿ, ಸಿಲ್ಕ್ ಬೋರ್ಡ್ ಟ್ರಾಫಿಕ್ಕಿನಲ್ಲಿ ಕಾದು ದೇವನಹಳ್ಳಿಗೇ ಹೋಗಬೇಕು.