ಕೊನೆಯ ಮಾತು ಯಾರದು?

ಮನೆಯಲ್ಲಿ ಹಿರಿಯರೊಬ್ಬರು, “ನಾಳೆ ನಾನು ಮಾತು ನಿಂತು ಮಲಗಿಬಿಟ್ಟರೆ...” ಎಂದು ಆರಂಭಿಸಿದರೆ ಸಾಕು, “ಬಿಡ್ತು ಅನ್ನಿ” ಎಂದು ಅವರ ಬಾಯಿ ಮುಚ್ಚಿಸುತ್ತೇವೆ. ಹೊಲಮನೆಯ ಉಯಿಲನ್ನು ಕುರಿತು ಮಾತನಾಡಲು ನಮಗೆ ಅಷ್ಟು ಅಳುಕಿಲ್ಲ. ದೇಹದ ಉಯಿಲಿನ ಮಾತೆತ್ತಿದರೆ ಮಾತ್ರ ಅದು ಅಪಶಕುನ. ಈ ಅಳುಕು ನಮ್ಮ ನಾಡಿನಲ್ಲಿ ಎಂದೆಂದೂ ಇದ್ದುದೇ? ಶ್ರವಣಬೆಳಗೊಳದ ಚಿಕ್ಕಬೆಟ್ಟವನ್ನು ಹತ್ತಿ ಬಂದವರು ಹಾಗೆನ್ನಲಾರರು.

ಆ ಬೆಟ್ಟದ ಬಂಡೆಗಳ ಮೇಲೆ ಕೊರೆದಿರುವ ಹಳೆಯ ಬರಹಗಳಲ್ಲಿ ಬಹುಪಾಲು ನಿಷಿಧಿ ಶಾಸನಗಳು. ಸಲ್ಲೇಖನ ವ್ರತದಿಂದ ದೇಹವನ್ನು ಬಿಟ್ಟವರ ನೆನಪು. ಸುಮಾರು ಏಳನೆಯ ಶತಮಾನದ ನಂದಿಸೇನ ಮುನಿಯ ಶಾಸನವಂತೂ ಕನ್ನಡ ಓದಿದ ವಿದ್ಯಾರ್ಥಿಗಳಿಗೆಲ್ಲ ಪರಿಚಿತ. ಇದು ಮುನಿಗಳಿಗಷ್ಟೇ ಮೀಸಲಾಗಿರಲಿಲ್ಲ. ಗಂಗರ ದೊರೆ ಮಾರಸಿಂಹ ರಾಜ್ಯವನ್ನು ತೊರೆದು, ಸುಮಾರು 974ರಲ್ಲಿ ಬಂಕಾಪುರದಲ್ಲಿ ಅಜಿತಸೇನಾಚಾರ್ಯರ ಸನ್ನಿಧಿಯಲ್ಲಿ ಈ ವ್ರತವನ್ನು ಕೈಕೊಂಡನು. ಹೊಯ್ಸಳರ ರಾಣಿ ಶಾಂತಲೆ 1131ರಲ್ಲಿ ತೀರಿಕೊಂಡ ಬಳಿಕ ಆಕೆಯ ತಾಯಿ ಮಾಚಿಕಬ್ಬೆ ಬೆಳಗೊಳದಲ್ಲಿ ಒಂದು ತಿಂಗಳ ಉಪವಾಸದಿಂದ ಮುಡಿಪಿದಳೆಂದು ಶಾಸನ ಹೇಳುತ್ತದೆ.

ಇದು ಧರ್ಮಸಾಧನೆಯ ಮಾತು. ಇಂದಿನ ಆಸ್ಪತ್ರೆಯ ಪ್ರಶ್ನೆಗೆ ಇದನ್ನು ಹಾಗೆಯೇ ತಂದು ಹೊಂದಿಸುವುದು ಸಲ್ಲದು. ಆದರೆ ಒಂದಂಶವನ್ನು ಮಾತ್ರ ಗಮನಿಸಬೇಕು. ಅಲ್ಲಿ ನಿರ್ಧಾರ ಸ್ವಂತದ್ದು. ಬುದ್ಧಿ ನೆಟ್ಟಗಿರುವಾಗ, ಗುರುವಿನ ಎದುರಿಗೆ, ಬಾಯಿಬಿಟ್ಟು ಹೇಳಿದ್ದು. ಹೋದವರ ಇಚ್ಛೆ ಏನಿತ್ತೆಂದು ಇದ್ದವರು ಊಹಿಸಬೇಕಾಗಿರಲಿಲ್ಲ.

ಊಹಿಸಬೇಕಾದ ಕಾಲವನ್ನು ತಂದದ್ದು ಯಂತ್ರ. 1952ರಲ್ಲಿ ಡೆನ್ಮಾರ್ಕಿನ ಕೋಪನ್‌ಹೇಗನ್ ನಗರದಲ್ಲಿ ಪೋಲಿಯೋ ಹಬ್ಬಿ, ಉಸಿರಾಡುವ ಶಕ್ತಿಯನ್ನೇ ಕಳೆದುಕೊಂಡ ರೋಗಿಗಳು ಆಸ್ಪತ್ರೆಯನ್ನು ತುಂಬಿದರು. ಬ್ಯೋರ್ನ್ ಇಬ್ಸೆನ್ ಎಂಬ ವೈದ್ಯರ ಸಲಹೆಯಂತೆ ಗಂಟಲಿನಲ್ಲಿ ರಂಧ್ರ ಮಾಡಿ ನಳಿಗೆಯನ್ನಿಳಿಸಿ, ನೂರಾರು ವಿದ್ಯಾರ್ಥಿಗಳು ಹಗಲಿರುಳು ಸರದಿಯ ಮೇಲೆ ಕುಳಿತು ರಬ್ಬರಿನ ಚೀಲವನ್ನು ಒತ್ತುತ್ತ ಅವರಿಗೆ ಉಸಿರೂಡಿದರು. ಎಷ್ಟೋ ಮಕ್ಕಳು ಬದುಕಿದರು. ವಿದ್ಯಾರ್ಥಿಗಳ ಕೈಯ ಕೆಲಸವನ್ನು ಮುಂದೆ ಯಂತ್ರವೇ ವಹಿಸಿಕೊಂಡಿತು. ಆದರೆ ಉಪಕಾರದ ಬೆನ್ನಿಗೇ ಸಂದಿಗ್ಧವೂ ಬಂದಿತು. ಮಿದುಳು ಮರಳಿ ಚೇತರಿಸದಂತೆ ಹಾಳಾಗಿದ್ದರೂ ಎದೆ ಏರಿಳಿಯುತ್ತಲೇ ಇರಬಹುದು. ಯಂತ್ರವನ್ನು ನಿಲ್ಲಿಸುವವರು ಯಾರು? 1957ರಲ್ಲಿ ಅರಿವಳಿಕೆ ತಜ್ಞರು ಈ ಪ್ರಶ್ನೆಯನ್ನು ಪೋಪ್ ಹನ್ನೆರಡನೆಯ ಪಯಸ್ ಅವರ ಮುಂದಿಟ್ಟಾಗ, ಅಸಾಧಾರಣ ಉಪಾಯಗಳಿಂದ ಜೀವವನ್ನು ಎಳೆಯಲೇಬೇಕೆಂಬ ಕಟ್ಟಳೆಯಿಲ್ಲವೆಂದು ಅವರು ಉತ್ತರವಿತ್ತರು.

ಅಮೆರಿಕದಲ್ಲಿ ಲೂಯಿಸ್ ಕಟ್ನರ್ ಎಂಬ ವಕೀಲರು 1969ರಲ್ಲಿ ಒಂದು ಉಪಾಯವನ್ನು ಸೂಚಿಸಿದರು. ಸತ್ತ ಮೇಲೆ ನಡೆಯುವ ಉಯಿಲಿನಂತೆ, ಬದುಕಿರುವಾಗಲೇ ನಡೆಯುವ ಒಂದು ಉಯಿಲೂ ಇರಲಿ. ಮಾತು ನಿಂತ ದಿನ ಆ ಕಾಗದವೇ ಮಾತನಾಡಲಿ ಎಂದು. ಅದರ ಅಗತ್ಯವೇನೆಂಬುದನ್ನು ಕೇರನ್ ಕ್ವಿನ್‌ಲನ್ ಎಂಬ ಯುವತಿಯ ಪ್ರಸಂಗ ತೋರಿಸಿತು. 1975ರಲ್ಲಿ, ಇಪ್ಪತ್ತೊಂದರ ವಯಸ್ಸಿನಲ್ಲಿ, ಆಕೆ ಪ್ರಜ್ಞೆ ತಪ್ಪಿದಳು, ಮತ್ತೆ ಎಚ್ಚರಾಗಲಿಲ್ಲ. ಇಂಥ ಬದುಕು ತನಗೆ ಬೇಡವೆಂದು ಆಕೆ ಹಿಂದೆ ಗೆಳತಿಯರೊಡನೆ ಆಡಿದ್ದ ಮಾತುಗಳು ನ್ಯಾಯಾಲಯದವರೆಗೂ ಬಂದವು; ಆದರೆ ಅವುಗಳಿಗೆ ಸಾಕಷ್ಟು ಸಾಕ್ಷ್ಯದ ತೂಕ ಸಿಗಲಿಲ್ಲ. 1976ರ ಮಾರ್ಚಿಯಲ್ಲಿ ನ್ಯೂಜೆರ್ಸಿಯ ಸರ್ವೋಚ್ಚ ನ್ಯಾಯಪೀಠ ತಂದೆಯ ಕೈಗೆ ನಿರ್ಧಾರವನ್ನೊಪ್ಪಿಸಿತು. ಉಸಿರಿನ ಯಂತ್ರವನ್ನು ತೆಗೆದ ಮೇಲೂ ಆಕೆ ತಾನೇ ಉಸಿರಾಡುತ್ತ 1985ರವರೆಗೆ ಇದ್ದಳು. ಅದೇ 1976ರಲ್ಲಿ ಕ್ಯಾಲಿಫೋರ್ನಿಯಾ ಸಂಸ್ಥಾನ ಇಂಥ ಉಯಿಲಿಗೆ ಶಾಸನದ ಮನ್ನಣೆಯನ್ನು ಕೊಟ್ಟಿತು.

ನಮ್ಮ ದೇಶದಲ್ಲಿ ಈ ಪ್ರಶ್ನೆಯನ್ನು ಕಣ್ಣೆದುರಿಗೆ ತಂದು ನಿಲ್ಲಿಸಿದವಳು ಕನ್ನಡ ನಾಡಿನ ಮಗಳು. ಉತ್ತರ ಕನ್ನಡದ ಹೊನ್ನಾವರದ ಬಳಿಯ ಹಳದೀಪುರದಿಂದ ಮುಂಬಯಿಗೆ ಹೋಗಿ, ಕೆ. ಇ. ಎಂ. ಆಸ್ಪತ್ರೆಯಲ್ಲಿ ದಾದಿಯಾಗಿದ್ದ ಅರುಣಾ ಶಾನಭಾಗ 1973ರ ನವೆಂಬರ್ 27ರಂದು ಅಲ್ಲಿಯ ನೌಕರನೊಬ್ಬನ ಪಾಶವೀ ಹಲ್ಲೆಗೆ ತುತ್ತಾದಳು. ಮಿದುಳಿಗೆ ಪ್ರಾಣವಾಯು ತಪ್ಪಿತು, ಮಾತು ಹೋಯಿತು. ಆಗ ಅವಳಿಗೆ ಇಪ್ಪತ್ತೈದು. ಮುಂದಿನ ನಾಲ್ವತ್ತು ವರ್ಷಗಳಿಗೂ ಮಿಕ್ಕು ಆ ಆಸ್ಪತ್ರೆಯ ದಾದಿಯರು, ಒಂದು ತಲೆಮಾರಿನವರು ನಿವೃತ್ತರಾದರೆ ಇನ್ನೊಂದು ತಲೆಮಾರಿನವರು, ಅವಳನ್ನು ಮಗುವಿನಂತೆ ನೋಡಿಕೊಂಡರು.

ಅವಳ ಕಥೆಯನ್ನು ಬರೆದಿದ್ದ ಪತ್ರಕರ್ತೆ ಪಿಂಕಿ ವಿರಾನಿ, ಅವಳನ್ನು ಈ ಬಾಳಿನಿಂದ ಬಿಡಿಸಬೇಕೆಂದು ಸುಪ್ರೀಂ ಕೋರ್ಟಿನ ಮೊರೆಹೊಕ್ಕರು. ಬೇಡ, ಅವಳು ನಮ್ಮವಳು, ನಾವು ನೋಡಿಕೊಳ್ಳುತ್ತೇವೆ ಎಂದರು ದಾದಿಯರು. 2011ರ ಮಾರ್ಚ್ 7ರಂದು ನ್ಯಾಯಾಲಯ ದಾದಿಯರ ಮಾತನ್ನೇ ಎತ್ತಿಹಿಡಿಯಿತು. ಆದರೆ ಹೈಕೋರ್ಟಿನ ಒಪ್ಪಿಗೆಯಿದ್ದರೆ ಇಂಥ ರೋಗಿಗಳಿಗೆ ಜೀವಾಧಾರ ಚಿಕಿತ್ಸೆಯನ್ನು ನಿಲ್ಲಿಸಬಹುದೆಂದೂ ಹೇಳಿತು. ಅರುಣಾ 2015ರ ಮೇ 18ರಂದು ನ್ಯುಮೋನಿಯಾದಿಂದ ಕಣ್ಮುಚ್ಚಿದಳು. ಎರಡು ಕಡೆಯವರದೂ ಪ್ರೀತಿಯೇ. ಆದರೆ ಅವಳಿಗೇನು ಬೇಕಾಗಿತ್ತೆಂದು ಆ ನ್ಯಾಯಸ್ಥಾನದಲ್ಲಿ ಹೇಳಬಲ್ಲವರು ಒಬ್ಬರೂ ಇರಲಿಲ್ಲ.

ಆ ಶೂನ್ಯವನ್ನು ತುಂಬುವ ದಾರಿಯನ್ನು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ 2018ರ ಮಾರ್ಚ್ 9ರಂದು ತೆರೆಯಿತು. ಬುದ್ಧಿ ಸ್ವಸ್ಥವಾಗಿರುವ ವಯಸ್ಕರು, ಗುಣವಾಗುವ ಆಸೆಯಿಲ್ಲದೆ ಮಾತು ನಿಂತಾಗ ತಮಗೆ ಯಾವ ಚಿಕಿತ್ಸೆ ಬೇಡವೆಂಬುದನ್ನು ಮುಂಚಿತವಾಗಿ ಬರೆದಿಡಬಹುದು. ಮನಸ್ಸು ಬದಲಾದರೆ ಹಿಂತೆಗೆದುಕೊಳ್ಳಬಹುದು. ಮೊದಲು ಅದಕ್ಕೆ ಮ್ಯಾಜಿಸ್ಟ್ರೇಟರ ರುಜು ಬೇಕಾಗಿತ್ತು. ಆ ತೊಡಕನ್ನು ದಾಟುವುದು ಸುಲಭವಿರಲಿಲ್ಲ. 2023ರ ಜನವರಿಯಲ್ಲಿ ನ್ಯಾಯಾಲಯ ಅದನ್ನು ಸಡಿಲಿಸಿ, ಇಬ್ಬರು ಸಾಕ್ಷಿಗಳ ಜೊತೆಗೆ ನೋಟರಿಯ ಅಥವಾ ಗೆಜೆಟೆಡ್ ಅಧಿಕಾರಿಯ ಎದುರಿಗೆ ಬರೆದುಕೊಟ್ಟರೆ ಸಾಕೆಂದಿತು. ಕಾಗದವಿದ್ದ ಮಾತ್ರಕ್ಕೆ ಒಬ್ಬರೇ ವೈದ್ಯರು ಕೈಬಿಡುವಂತಿಲ್ಲ. ಎರಡು ವೈದ್ಯ ಮಂಡಲಿಗಳು ರೋಗಿಯನ್ನು ನೋಡಿ ಒಪ್ಪಬೇಕು. 2025ರ ಜನವರಿಯ ಕೊನೆಯಲ್ಲಿ ಕರ್ನಾಟಕದ ಆರೋಗ್ಯ ಇಲಾಖೆಯೂ ಇದನ್ನು ನಡೆಸಿಕೊಡಲು ಆದೇಶ ಹೊರಡಿಸಿತು.

ಈ ಕಾಗದ ಸಾವಿನ ಕರೆಯೋಲೆಯೆಂದು ಹೆದರುವವರುಂಟು. ಬರೆದವರು ಮಾತನಾಡಬಲ್ಲವರೆಗೂ ಅದಕ್ಕೆ ಯಾವ ಕೆಲಸವೂ ಇಲ್ಲ. ಅದರ ದೊಡ್ಡ ಉಪಕಾರ ಸಾಯುವವರಿಗಿಂತ ಉಳಿಯುವವರಿಗೆ. ಆಸ್ಪತ್ರೆಯ ಮೊಗಸಾಲೆಯಲ್ಲಿ ಅಣ್ಣ ಒಂದು ಹೇಳಿ, ತಂಗಿ ಇನ್ನೊಂದು ಹೇಳಿ, ಯಾವುದನ್ನು ಮಾಡಿದರೂ ಬಾಳೆಲ್ಲ ಕೊರಗುವ ಸಂಕಟವನ್ನು ಒಂದು ಹಾಳೆ ತಪ್ಪಿಸಬಲ್ಲುದು.

ಬೆಳಗೊಳದ ಬಂಡೆ ಸಾವಿರ ವರ್ಷಗಳಿಂದ ಹೋದವರ ಇಚ್ಛೆಯನ್ನು ಹೇಳುತ್ತಲೇ ಇದೆ. ನಮಗೆ ಕಲ್ಲಾಗಲಿ ಉಳಿಯಾಗಲಿ ಬೇಕಿಲ್ಲ. ಮುಂದಿನ ಸಲ ಮನೆಯ ಹಿರಿಯರು ಆ ಮಾತನ್ನು ಎತ್ತಿದಾಗ “ಬಿಡ್ತು ಅನ್ನಿ” ಎನ್ನದೆ, ಪಕ್ಕದಲ್ಲಿ ಕುಳಿತು “ಹೇಳಿ” ಎಂದರಾಯಿತು.