ಅಲಿಬಿ ಎಂದರೆ ನೆಪವಲ್ಲ

ಲ್ಯಾಟಿನ್‌ನಲ್ಲಿ ‘ಅಲಿಬಿ’ ಎಂದರೆ ‘ಬೇರೆ ಕಡೆ’, ಅಷ್ಟೇ. ನಮ್ಮ ‘ಅನ್ಯತ್ರ’ ಇದ್ದಂತೆ ಅದೂ ಒಂದು ಅವ್ಯಯ. ಇಂಗ್ಲಿಷ್ ನ್ಯಾಯಾಲಯಗಳಲ್ಲಿ ಓಡಾಡಿ ನಾಮಪದವಾಯಿತು, ಬೀದಿಗಿಳಿದ ಮೇಲೆ ‘ನೆಪ’ ಎಂಬ ಅರ್ಥವೂ ಅದಕ್ಕೆ ಅಂಟಿಕೊಂಡಿತು. ಈ ಕೊನೆಯ ಅರ್ಥದ ಬಗ್ಗೆ ನನಗೆ ತಕರಾರಿದೆ. ಕೊಲೆ ಆರೋಪಿ ‘ನಾನು ಅಲ್ಲಿರಲಿಲ್ಲ’ ಎಂದು ಬಾಯಿ ತೆರೆಯುವ ಮೊದಲೇ ಅದು ಅವನನ್ನು ಸುಳ್ಳುಗಾರನನ್ನಾಗಿ ಮಾಡಿಬಿಡುತ್ತದೆ.

1872ರ ಸಾಕ್ಷ್ಯ ಕಾಯ್ದೆ ಈ ಪದವನ್ನು ಬಳಸದೆಯೇ ವಿಷಯವನ್ನು ಹೇಳಿತ್ತು. ಅಪರಾಧ ನಡೆದದ್ದು ಕಲ್ಕತ್ತೆಯಲ್ಲಿ, ಆ ದಿನ ಆರೋಪಿ ಇದ್ದದ್ದು ಲಾಹೋರಿನಲ್ಲಿ ಎಂಬುದು ಅದರ ಉದಾಹರಣೆ. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿ ಊರುಗಳು ಚೆನ್ನೈ ಮತ್ತು ಲಡಾಖ್ ಆಗಿವೆ. ಹೆಸರು ಬದಲಾದರೂ ದೂರ ಹಾಗೇ ಉಳಿದಿದೆ, ಏಕೆಂದರೆ ಅಲಿಬಿಯ ಜೀವವೇ ಆ ದೂರ.

1981ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಒರೆಗೆ ಹಚ್ಚಿದ ರೀತಿ ನನಗೆ ಬಹಳ ಮೆಚ್ಚುಗೆ. ಅಲಹಾಬಾದಿನಲ್ಲಿ ಬೆಳಗ್ಗೆ ಒಂಬತ್ತರ ಹೊತ್ತಿಗೆ ನಡೆದ ಕೊಲೆ ಅದು. ಆರೋಪಿ ನೈನಿಯ ಕಾರ್ಖಾನೆಯಲ್ಲಿ ಕೆಲಸದಲ್ಲಿದ್ದನೆಂದು ಅವನ ಪರ ಸಾಕ್ಷಿಗಳು ಹೇಳಿದರು. ನ್ಯಾಯಾಲಯ ಅವರನ್ನು ಸುಳ್ಳುಗಾರರೆಂದು ತಳ್ಳಿಹಾಕಲಿಲ್ಲ. ಹೇಳಿದ್ದೆಲ್ಲ ನಿಜವೆಂದೇ ಇಟ್ಟುಕೊಂಡು ಲೆಕ್ಕ ಹಾಕಿತು. ಎಂಟೂವರೆಗೆ ನೈನಿಯಲ್ಲಿದ್ದವನು ಒಂಬತ್ತಕ್ಕೆ ಕೊಲೆಯಾದ ಜಾಗದಲ್ಲೂ ಇರಬಹುದಿತ್ತು, ಅಂತರ ಅಷ್ಟು ಕಡಿಮೆ. ಮೇಲಾಗಿ ಅಲ್ಲಿ ಕಾರ್ಮಿಕರು ಒಳಗೆ ಬರುವಾಗ ಕಾರ್ಡ್ ಪಂಚ್ ಮಾಡಬೇಕಿತ್ತು, ಹೊರಗೆ ಹೋಗುವಾಗ ಬೇಕಿರಲಿಲ್ಲ. ಹಾಗಾಗಿ ಹಾಜರಿ ಕಾರ್ಡ್ ಸುಳ್ಳಾಡದೆಯೂ ವಾದ ಬಿದ್ದುಹೋಯಿತು. ‘ಅಲ್ಲಿದ್ದೆ’ ಎಂದರೆ ಸಾಲದು, ‘ಆ ಹೊತ್ತಿನಲ್ಲಿ ಇಲ್ಲಿರಲು ಸಾಧ್ಯವೇ ಇರಲಿಲ್ಲ’ ಎಂಬುದು ತೋರಬೇಕು. ಇಂದಿನ ಮೊಬೈಲ್ ಟವರ್ ದಾಖಲೆಗೂ ಇದೇ ಪ್ರಶ್ನೆ ಹಾಕಬೇಕು: ಫೋನ್ ಆ ಊರಿನಲ್ಲಿತ್ತು, ಸರಿ, ಅದರ ಒಡೆಯ ಎಲ್ಲಿದ್ದ?

ಆದರೆ ಈ ಕಟ್ಟುನಿಟ್ಟು ಯಾರಿಗೆ ಭಾರವಾಗುತ್ತದೆ ಎಂಬುದನ್ನೂ ನೋಡಬೇಕು. ರಾತ್ರಿ ಎರಡು ಗಂಟೆಗೆ ಮನೆಯಲ್ಲಿ ಮಲಗಿದ್ದವನಿಗೆ ಹೆಂಡತಿಯೋ ತಾಯಿಯೋ ಬಿಟ್ಟರೆ ಬೇರೆ ಸಾಕ್ಷಿ ಯಾರು? ಟಿಕೆಟ್, ರಸೀದಿ, ಸಿಸಿಟಿವಿ ಎಲ್ಲವನ್ನೂ ಜೋಡಿಸಿಟ್ಟುಕೊಂಡವನಿಗಿಂತ ಏನೂ ಇಲ್ಲದವನೇ ಹೆಚ್ಚು ಸಹಜವಾಗಿ ಕಾಣುತ್ತಾನೆ. ಬೇರೆಡೆ ಇದ್ದೆನೆಂದು ಸಾಬೀತು ಮಾಡುವ ಹೊಣೆ ಆರೋಪಿಯದೇ, ನಿಜ. ಆದರೆ ಅವನು ಸೋತ ಮಾತ್ರಕ್ಕೆ ಕೊಲೆ ಮಾಡಿದ್ದು ಅವನೇ ಎಂದಾಗುವುದಿಲ್ಲ. ಅದನ್ನು ಪ್ರಾಸಿಕ್ಯೂಷನ್ ತನ್ನ ಸಾಕ್ಷ್ಯದಿಂದಲೇ ತೋರಿಸಬೇಕು. ಆರೋಪಿ ತಪ್ಪಿತಸ್ಥನೆಂಬುದನ್ನು ಎತ್ತಿಹಿಡಿದ ಆ 1981ರ ತೀರ್ಪೇ ಇನ್ನೊಂದು ಮಾತನ್ನೂ ಹೇಳಿದೆ. ಆರೋಪಿ ಪರ ಸಾಕ್ಷಿಗಳನ್ನು ಮೊದಲೇ ಅಪನಂಬಿಕೆಯಿಂದ ನೋಡುವ ಹಳೆಯ ಅಭ್ಯಾಸವನ್ನು ನ್ಯಾಯಾಲಯಗಳು ಬಿಡಬೇಕು. ಅವರು ಎಷ್ಟೋ ಸಲ ಸುಳ್ಳು ಹೇಳುತ್ತಾರೆ, ಪ್ರಾಸಿಕ್ಯೂಷನ್ ಸಾಕ್ಷಿಗಳೂ ಹೇಳುತ್ತಾರೆ.